ಹೆಚ್ಚಿಗೆ ಒಂದು ದನಿ

ಸಾಗರದ ಜನಪದ ಹಾಡುಗಳ ಸಂಘವೊಂದರಲ್ಲಿ ಕ್ಯಾಸೆಟ್ ಹೊಂದಿಸಿಡುವ ಕೆಲಸಕ್ಕೆ ವರದಮ್ಮ ಸೇರಿದ್ದು ೧೯೮೪ರ ಜನವರಿಯಲ್ಲಿ. ಎರಡು ಬೀರುಗಳ ತುಂಬ ಇನ್ನೂರ ಹನ್ನೆರಡು ಕ್ಯಾಸೆಟ್. ಅವೆಲ್ಲ ಡ್ರಾಯಿಂಗ್ ಮೇಷ್ಟ್ರು ಸೀತಾರಾಮಪ್ಪ ರಜೆಯಲ್ಲಿ ಟೇಪ್ ರೆಕಾರ್ಡರ್ ಹೊತ್ತು ಊರೂರು ಸುತ್ತಿ, ಹೆಂಗಸರಿಂದ ಹಾಡಿಸಿ ತಂದವು. ಯಾವುದರಲ್ಲಿ ಯಾರ ಹಾಡಿದೆ ಎಂಬುದು ಅವರೊಬ್ಬರಿಗೇ ಗೊತ್ತಿತ್ತು.

ಹೇಗೆ ಜೋಡಿಸಬೇಕು ಎನ್ನುವುದೇ ಮೊದಲ ವಾರದ ಜಗಳ. ಕಾರ್ಯದರ್ಶಿ ಮುಕುಂದಯ್ಯನವರಿಗೆ ಊರಿನ ಪ್ರಕಾರ ಬೇಕು. ಮೇಷ್ಟ್ರಿಗೆ ನಾಟಿ ಪದ, ಮದುವೆ ಪದ ಎಂದು ಬೇರೆ ಬೇರೆ ಬೇಕು. ವರದಮ್ಮ ಎರಡಕ್ಕೂ ಒಪ್ಪಲಿಲ್ಲ.

"ನಾಳೆ ಯಾರೋ ಬಂದು ನಮ್ಮವ್ವನ ಹಾಡು ಇದ್ಯಾ ಅಂತ ಕೇಳ್ತಾರೆ. ಹಾಡಿದೋರ ಹೆಸರಿನ ಪ್ರಕಾರನೇ ಇರ್ಲಿ."

ಅವಳ ಹಟವೇ ಗೆದ್ದಿತು. ಕ್ಯಾಸೆಟ್ಟಿಗೊಂದು ಕಾರ್ಡು: ಹಾಡಿದವರು, ಊರು, ತಾರೀಖು, ಎಷ್ಟು ದನಿ. ಯಾರ ಹೆಸರಾದರೂ ಬಿಟ್ಟುಹೋಗಿದ್ದರೆ ತಿಳಿಯಲಿ ಎಂದು ಕೊನೆಯದನ್ನು ಸೇರಿಸಿದವಳೂ ಅವಳೇ. ಹಾಗಾಗಿ ಪ್ರತಿಯೊಂದನ್ನೂ ಕೂತು ಕೇಳಬೇಕಾಯಿತು.

ಮೇಳಿಗೆಯ ಅಕ್ಕತಂಗಿಯರ ಕ್ಯಾಸೆಟ್ಟಿನಲ್ಲಿ ಹೆಸರು ಎರಡು, ದನಿ ಮೂರು. ಯಾರೋ ನೆರೆಮನೆಯವರು ಕೂಡಿಕೊಂಡಿರಬೇಕು ಎಂದುಕೊಂಡಳು. ಮಾರನೇ ದಿನ ಹೊಸನಗರದ ಒಂದರಲ್ಲಿ ಹೆಸರು ಮೂರು, ದನಿ ನಾಲ್ಕು. ಈ ಸಲ ಅವಳ ಕೈ ನಿಂತಿತು. ಹೆಚ್ಚಿಗೆ ಇದ್ದದ್ದು ಅದೇ ದನಿ. ಉಳಿದವರು ಸಾಲು ಎತ್ತಿಕೊಂಡ ಮೇಲೆ ಅರೆಗಳಿಗೆ ತಡವಾಗಿ, ದಾರದಂತೆ ಸಣ್ಣಗೆ ಬಂದು ಸೇರುತ್ತಿತ್ತು. ಏರುವ ಮುಂಚೆ ಒಂದು ಸಣ್ಣ ಉಸಿರು.

ಕೇಳಿಸಿದಾಗ ಮೇಷ್ಟ್ರು ನಕ್ಕರು. "ಕೆಲವು ಕ್ಯಾಸೆಟ್ಟಿಗೆ ಎರಡೆರಡು ಸಲ ತುಂಬಿದ್ದೀನಿ ವರದಮ್ಮ. ಹಳೇದು ಪೂರಾ ಅಳಿಸಿರಲ್ಲ."

"ಹಳೇದಾದ್ರೆ ಹೊಸಾ ಹಾಡಿನ ಜತೆ ಮಾತು ತಪ್ಪದಂಗೆ ಹೆಂಗೆ ಹಾಡ್ತದೆ ಮೇಷ್ಟ್ರೆ?"

ಮೇಷ್ಟ್ರು ಟೇಪನ್ನು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಹಾಕಿದರು.

ಮಾರ್ಚ್ ಹೊತ್ತಿಗೆ ಕಾರ್ಡುಗಳೆಲ್ಲ ಮುಗಿದವು. ಲೆಕ್ಕ ತಪ್ಪಿದವಕ್ಕೆ ವರದಮ್ಮ ಮೂಲೆಯಲ್ಲಿ ಪೆನ್ಸಿಲ್ ಗುರುತು ಹಾಕಿದ್ದಳು. ಹೆಸರಿನ ಪ್ರಕಾರ ಇಟ್ಟಾಗ ಗುರುತುಗಳು ಅಲ್ಲೊಂದು ಇಲ್ಲೊಂದು ಚದುರಿದ್ದವು. ಊರಿನ ಪ್ರಕಾರ ಇಟ್ಟು ನೋಡಿದಳು, ಏನೂ ತಿಳಿಯಲಿಲ್ಲ. ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಎಲ್ಲವನ್ನೂ ನೆಲದ ಮೇಲೆ ತಾರೀಖಿನ ಪ್ರಕಾರ ಹರಡಿದಳು. ೧೯೭೮ರ ದೀಪಾವಳಿಯವರೆಗೆ ಒಂದು ಕಾರ್ಡಿನ ಮೇಲೂ ಗುರುತಿಲ್ಲ. ಆಮೇಲಿನದರಲ್ಲಿ ಗುರುತಿಲ್ಲದ ಕಾರ್ಡೇ ಇಲ್ಲ.

ಮೇಷ್ಟ್ರನ್ನು ಕರೆಸಿ ತೋರಿಸಿದಳು. "ಆ ದೀಪಾವಳೀಲಿ ಏನಾಯ್ತು ಮೇಷ್ಟ್ರೆ?"

ಸೀತಾರಾಮಪ್ಪ ಕಾರ್ಡುಗಳ ಪಕ್ಕ ನೆಲದ ಮೇಲೇ ಕೂತುಬಿಟ್ಟರು.

"ಹೊನ್ನೆಮರಡು ಕಡೆ ಗುತ್ಯಮ್ಮ ಅಂತ ಇದ್ರು. ಅವರ ಹಾಗೆ ಹಾಡೋರು ಆ ಸೀಮೇಲೇ ಇರ್ಲಿಲ್ಲ. ಆ ವರ್ಷ ದಸರಾ ರಜೇಲಿ ಬರ್ತೀನಿ ಅಂತ ಹೇಳಿ ಕಳ್ಸಿದ್ದೆ. ಹೊಸ ಸೀರೆ ಉಟ್ಕಂಡು, ಮನೆ ಸಾರಿಸಿ ಕಾಯ್ತಾ ಇದ್ರು. ಹೋಗ್ತಾ ದಾರೀಲೇ ಬೇರೆಯೋರ ಮನೇಲಿ ಕ್ಯಾಸೆಟ್ಟೆಲ್ಲ ಖರ್ಚು ಮಾಡಿದ್ದೆ. ಮುಂದಿನ ವಾರ ಬರ್ತೀನಮ್ಮ ಅಂದೆ. ಮೂರು ತಿಂಗ್ಳು ಬಿಟ್ಟು ಹೋದೆ. ದೀಪಾವಳಿ ಕಳೆದ ನಾಕನೇ ದಿನಕ್ಕೇ ತೀರ್ಕಂಡಿದ್ರಂತೆ."

ಭಾನುವಾರ ಇಬ್ಬರೂ ಟೇಪ್ ರೆಕಾರ್ಡರ್ ಹೊತ್ತು ಹೊನ್ನೆಮರಡಿಗೆ ಹೋದರು. ಗುತ್ಯಮ್ಮನ ತಂಗಿ ಕೆರಿಯಮ್ಮ ಜಗಲಿಯ ಮೇಲೆ ಚಾಪೆ ಹಾಕಿದಳು. ವರದಮ್ಮ ಏನನ್ನೂ ಹೇಳದೆ ಮೇಳಿಗೆಯ ಕ್ಯಾಸೆಟ್ ಹಾಕಿದಳು. ಎರಡನೇ ಸಾಲಿಗೆ ಕೆರಿಯಮ್ಮನ ಕೈಯಲ್ಲಿದ್ದ ವೀಳ್ಯದೆಲೆ ಕೆಳಗೆ ಬಿತ್ತು.

"ಇದು ನಮ್ಮಕ್ಕ." ಕೆರಿಯಮ್ಮ ಟೇಪ್ ರೆಕಾರ್ಡರಿನ ಹತ್ತಿರ ಸರಿದಳು. "ಮೇಳಿಗೆಗೆ ಅವ್ಳು ಯಾವತ್ತೂ ಹೋದೋಳಲ್ಲ ಕಣವ್ವ. ಅದ್ಯಾಕೆ ಹಿಂದೆ ಹಿಂದೆ ಹಾಡ್ತಾಳೆ? ಅಕ್ಕ ಅಂದ್ರೆ ಎಲ್ರಿಗೂ ಮುಂಚೆ ಎತ್ಕೊಡೋಳು."

ಆಮೇಲೆ ಎದ್ದು ಒಳಗಿಂದ ಒಂದು ಮಣೆ ತಂದು ಗೋಡೆಗೆ ಒತ್ತಿ ಇಟ್ಟಳು. "ಮೇಷ್ಟ್ರೆ, ನೀವು ಬರ್ತೀನಿ ಅಂದಿದ್ರಿ. ಬಂದಿದ್ದೀರಿ. ಮಿಷನ್ ಹಾಕಿ."

ಸೀತಾರಾಮಪ್ಪ ಹೊಸ ಕ್ಯಾಸೆಟ್ಟಿನ ಕಾಗದ ಹರಿದರು. ಹತ್ತಿಯಿಂದ ಟೇಪ್ ರೆಕಾರ್ಡರಿನ ಹೆಡ್ಡು ಒರೆಸಿ, ಮೈಕನ್ನು ಖಾಲಿ ಮಣೆಯ ಮುಂದಿಟ್ಟು ಗುಂಡಿ ಒತ್ತಿದರು. ಅರ್ಧ ಗಂಟೆ ಮೂವರೂ ಬಾಯಿ ಬಿಡದೆ ಕೂತರು. ಉರಿಬಿಸಿಲು. ಹಿತ್ತಲಲ್ಲಿ ಕೋಳಿ ಕೆದಕುವುದು, ಕೆಳಗೆ ಹಿನ್ನೀರು ದಡಕ್ಕೆ ತಾಗುವುದು ಬಿಟ್ಟರೆ ವರದಮ್ಮನಿಗೆ ಏನೂ ಕೇಳಿಸಲಿಲ್ಲ. ಟೇಪು ಮುಗಿದು ಗುಂಡಿ ತಾನಾಗಿ ಟಕ್ಕೆಂದಿತು. "ಇಲ್ಲಿ ಹಾಕ್ಬೇಡಿ. ನಂಗೆ ತಡ್ಕಳಕ್ಕಾಗಲ್ಲ," ಎಂದು ಕೆರಿಯಮ್ಮ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಸಂಘದ ಕೋಣೆಯಲ್ಲಿ ಅದನ್ನು ಹಾಕಿದರು. ಮೊದಲು ಕೋಳಿ, ನೀರು. ಆಮೇಲೆ ಆ ಸಣ್ಣ ಉಸಿರು. ದನಿ ಎದ್ದಿತು. ಈ ಸಲ ಯಾರ ಹಿಂದೆಯೂ ಅಲ್ಲ. ತಾನೇ ಎತ್ತಿ, ತಾನೇ ಏರಿಸಿ, ಅರ್ಧ ಗಂಟೆಯ ಹತ್ತಿರ ಎಲ್ಲೂ ಮುರಿಯದೆ ಹಾಡಿತು. ಮೇಷ್ಟ್ರ ಕಣ್ಣಿಂದ ನೀರು ಇಳಿಯುತ್ತಿತ್ತು. ವರದಮ್ಮನಿಗೆ ಎದ್ದುಹೋಗುವ ಮನಸ್ಸಾಗಲಿಲ್ಲ.

ಹಾಡು ಮುಗಿಯಿತು. ಟೇಪು ಇನ್ನೂ ಸ್ವಲ್ಪ ಉಳಿದಿತ್ತು.

"ಸರಿಯಾಗಿ ಬಂತಾ ಮೇಷ್ಟ್ರೆ?" ಎಂದಿತು ದನಿ. ಹಾಡಿ ಮುಗಿಸಿದ ಹೆಂಗಸರೆಲ್ಲ ಕೇಳುವ ಮಾತೇ ಅದು.

ಅಭ್ಯಾಸಬಲದಿಂದಲೋ ಏನೋ, ಸೀತಾರಾಮಪ್ಪ ಟೇಪ್ ರೆಕಾರ್ಡರಿನತ್ತ ಬಗ್ಗಿ, "ಚೆನ್ನಾಗಿ ಬಂತು ಕಣಮ್ಮ," ಎಂದುಬಿಟ್ಟರು.

ಸರ್‌ರ್ ಎಂದು ಬರಿಯ ಟೇಪು ಓಡುವ ಸದ್ದು. ನಿಲ್ಲಿಸಲೆಂದು ವರದಮ್ಮ ಬೆರಳು ಚಾಚಿದಳು.

"ಹಂಗಾರೆ ಇನ್ನೊಂದ್ಸಲ ಹಾಕಿ. ನಾನೂ ಕೇಳ್ತೀನಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೇಷ್ಟ್ರು ಎದ್ದು ಗೋಡೆಯ ಬದಿಯಿಂದ ಇನ್ನೊಂದು ಕುರ್ಚಿ ಎಳೆದು ಮೇಜಿನ ಹತ್ತಿರ ಹಾಕಿದರು. ವರದಮ್ಮ ಟೇಪನ್ನು ಮೊದಲಿಗೆ ತಿರುಗಿಸಿ, ದನಿ ಸ್ವಲ್ಪ ಏರಿಸಿ, ಗುಂಡಿ ಒತ್ತಿದಳು. ಮೂರು ಕುರ್ಚಿಗಳಿಗೂ ಕೇಳಿಸುವಂತೆ ಹಾಡು ಮತ್ತೆ ಮೊದಲಿಂದ ಬಂತು. ಈ ಸಲ ಕೊನೆಯಲ್ಲಿ ಮಾತಿರಲಿಲ್ಲ.