ರೊಟ್ಟಿಯ ಅರಿವೆ ಮತ್ತು ಮುಗಿಲು

ನಮ್ಮೂರಲ್ಲಿ ಒದ್ದೆ ಎನ್ನುವುದು ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ಹಿಂಡಿದ ಸೀರೆಯನ್ನು ಜಾಲಿಬೇಲಿಯ ಮೇಲೆ ಹರವಿ, ಇನ್ನೊಂದನ್ನು ಹಿಂಡಿ ತಿರುಗುವಷ್ಟರಲ್ಲಿ ಮೊದಲನೆಯದು ಒಣಗಿ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಇಂಥ ಊರಿನಲ್ಲಿ ಹುಟ್ಟಿ ನನ್ನ ತಮ್ಮ ಗುರುಪಾದ ನೀರಿನಲ್ಲಿ ಕಲಸುವ ಬಣ್ಣದ ಹುಚ್ಚು ಹಿಡಿಸಿಕೊಂಡ.

ಅವ್ವ ತೀರಿಹೋದ ಮೇಲೆ ಖಾನಾವಳಿ ನನ್ನ ಕೈಗೆ ಬಂತು; ಅವನೂ ನನ್ನ ಕೈಯಲ್ಲೇ ಬೆಳೆದ. ಮೊದಲು ಗೋಡೆಯ ಮೇಲೆ ಇದ್ದಿಲು, ಆಮೇಲೆ ಅಂಗಡಿಗಳ ಬೋರ್ಡು, ಆಮೇಲೆ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರಿಕೆ. ಕ್ಯಾಲೆಂಡರಿನವರಿಗೆ ಜಲಪಾತ, ತೆಂಗು, ಹಂಸ ಬರೆದುಕೊಟ್ಟರೆ ಕಣ್ಣಿಗೊತ್ತಿಕೊಂಡು ಒಯ್ಯುತ್ತಿದ್ದರು. ಆದರೆ ಅವನಿಗೆ ಬೇಕಾದದ್ದು ಊರಾಚೆಯ ಕಪ್ಪು ಎರೆಭೂಮಿ. ಗಿಡವಿಲ್ಲ, ಗುಡ್ಡವಿಲ್ಲ; ಕಣ್ಣು ಮುಟ್ಟುವ ತನಕ ಬರೀ ನೆಲ, ಅದರ ಮೇಲೆ ಬರೀ ಮುಗಿಲು.

ಗಾಡಿ ಹೊಡೆಯುವ ಯಮನೂರಪ್ಪ ನಮ್ಮ ಖಾಯಂ ಗಿರಾಕಿ. ಗೋಡೆಗೆ ಒರಗಿಸಿಟ್ಟ ಚಿತ್ರ ನೋಡಿ ನಗುತ್ತಿದ್ದ. "ಮಾಸ್ತರ್ರ, ಇದನ್ನ ನಾ ದಿನಾ ಪುಕ್ಕಟೆ ನೋಡ್ತೀನಿ. ಗ್ವಾಡಿಗೆ ಹಾಕೂದಾದ್ರ ಒಂದೀಟು ಹಸರು ಹಚ್ರಿ."

"ನೀ ಎಲ್ಲಿ ನೋಡ್ತಿ ಮಾಮಾ? ನೀ ನೋಡೂದು ಎತ್ತಿನ ಬಾಲ."

ಗುರುಪಾದ ನಗುತ್ತಲೇ ಹೀಗೆ ಅಂದರೂ ಯಮನೂರಪ್ಪನ ಮಾತು ಅವನಿಗೆ ಒಳಗೊಳಗೇ ಚುಚ್ಚುತ್ತಿತ್ತು. ಈ ನೆಲವೂ ನಿಂತು ನೋಡುವಂಥದ್ದು ಎಂದು ಇಲ್ಲಿಯವರಿಗೆ ಅನಿಸಬೇಕು. ಅಷ್ಟೇ ಅವನ ಹಟ. ಜಿಲ್ಲೆಯ ಕಲಾಮಂಡಳಿಯ ಪ್ರದರ್ಶನಕ್ಕೆ ವರ್ಷ ವರ್ಷವೂ ಕಳಿಸಿದ. ವರ್ಷ ವರ್ಷವೂ ಚಿತ್ರ ಮರಳಿ ಬಂತು. ತಪ್ಪು ಅವರದೆನ್ನುವಂತಿರಲಿಲ್ಲ. ಮುಗಿಲಿಗೆ ಬಣ್ಣ ಎಳೆಯುತ್ತ ಕುಂಚ ಆಚೆ ಅಂಚು ಮುಟ್ಟುವುದರೊಳಗೆ ಈಚೆಯದು ಒಣಗಿ ಗೆರೆ ಬೀಳುತ್ತಿತ್ತು. ಬೇಲಿಯ ಮೇಲಿನ ಸೀರೆಗೆ ಬಂದ ಗತಿಯೇ ಕಾಗದಕ್ಕೂ. ಮುಗಿಲು ಹೋಗಿ ತೇಪೆ ಹಚ್ಚಿದ ಕೌದಿಯಾಗುತ್ತಿತ್ತು.

"ಅಕ್ಕಾ, ಈ ಸಲನೂ ಆಗಲಿಲ್ಲಂದ್ರ ಕ್ಯಾಲೆಂಡರ್ ಪ್ರೆಸ್ಸಿಗೆ ಹೋಗಿಬಿಡ್ತೀನಿ. ಸಾಯೂತನಕ ಹಂಸ ಬರಕೋತ ಕುಂದ್ರತೀನಿ," ಎಂದ ಒಂದು ಮಧ್ಯಾಹ್ನ, ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು.

ಊಟದ ಹೊತ್ತು, ಪಂಕ್ತಿ ಕೂತಿತ್ತು. ರೊಟ್ಟಿ ಬಡಿದು ಹಂಚಿಗೆ ಹಾಕಿ, ಹಳೇ ಸೀರೆ ಹರಿದು ಮಾಡಿದ ಒದ್ದೆ ಅರಿವೆಯನ್ನು ಅದರ ಮೈಮೇಲೆ ಒಂದೇ ಉಸಿರಿಗೆ ಸವರಿದೆ. ರೊಟ್ಟಿಗೆ ನೀರು ಹಚ್ಚುವಾಗ ಕೈ ತಡೆಯಬಾರದು, ತಡೆದರೆ ಬಿರಿಯುತ್ತದೆ. ಅವನು ನೋಡುತ್ತಲೇ ಇದ್ದ. ಇನ್ನೊಂದು ಹಾಕಿದೆ, ಸವರಿದೆ. ಮತ್ತೊಂದಕ್ಕೆ ಕೈ ಚಾಚಿದರೆ ಅರಿವೆಯೇ ಇಲ್ಲ!

"ಏ ಗುರ್ಯಾ, ರೊಟ್ಟಿ ಹೊತ್ತತೈತೋ!"

ಅವನು ಆಗಲೇ ಹಿತ್ತಲಿಗೆ ಓಡಿದ್ದ. ಬಾಗಿಲಿನಿಂದ ಕಂಡೆ. ಹಲಗೆಯ ಮೇಲೆ ಕಾಗದ, ಪಕ್ಕದ ಬೋಗುಣಿಯಲ್ಲಿ ಕಲಸಿದ ನೀಲಿ, ಅದರಲ್ಲಿ ಅದ್ದಿ ತೆಗೆದ ನನ್ನ ಅರಿವೆ. ಅಂಗೈ ಅಗಲಕ್ಕೆ ಮಡಚಿಕೊಂಡು, ಅಂಚಿನಿಂದ ಅಂಚಿಗೆ ಸವರುತ್ತ, ಎಲ್ಲೂ ತಡೆಯದೆ ಕೆಳಗಿಳಿದ. ಗಾಳಿ ಬಂತು, ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಒಂದು ಗೆರೆಯಿಲ್ಲ. ನೆತ್ತಿಯಲ್ಲಿ ಗಾಢವಾಗಿ, ಬರುಬರುತ್ತ ತೆಳುವಾಗಿ, ನೆಲ ಮುಟ್ಟುವಲ್ಲಿ ಬಿಸಿಲಿಗೆ ಬಿಳಿಚಿಕೊಂಡ ನಮ್ಮೂರ ಮುಗಿಲು.

ಆ ಸಂಭ್ರಮದಲ್ಲಿ ಅರಿವೆಯನ್ನು ತಂದು ನನ್ನ ನೀರಿನ ಬಟ್ಟಲಿಗೇ ಹಾಕಿಬಿಟ್ಟ. ಹಂಚಿನ ಮೇಲಿನ ರೊಟ್ಟಿಯ ಅವಸರದಲ್ಲಿ ನಾನೂ ನೋಡದೆ ಅದನ್ನೇ ಸವರಿದೆ. ಸ್ವಲ್ಪ ಹೊತ್ತಿಗೆ ಪಂಕ್ತಿಯಿಂದ ಯಮನೂರಪ್ಪನ ದನಿ ಬಂತು: "ಅಕ್ಕಾರ, ಇದೇನ್ರಿ ಇದು? ಜ್ವಾಳ ತೀರಿತಂತ ಮುಗಿಲನ್ನ ಬಡದೀರೇನು?" ಅವನ ತಟ್ಟೆಯಲ್ಲಿ ನೀಲಿ ರೊಟ್ಟಿ!

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅದನ್ನು ಎತ್ತಿ ಬೇರೆ ರೊಟ್ಟಿ ಬಡಿಸಿ, ತಮ್ಮನನ್ನು ಬೈಯಲೆಂದೇ ಹಿತ್ತಲಿಗೆ ಹೋದವಳು ಆ ಕಾಗದದ ಮುಂದೆ ಬೈಗುಳ ಮರೆತು ನಿಂತೆ.

ಅದೇ ಚಿತ್ರಕ್ಕೆ ಕಲಾಮಂಡಳಿಯ ಮೊದಲ ಬಹುಮಾನ ಬಂತು. ಆಮೇಲೆ ಅವನ ಬಯಲುಗಳು ದೊಡ್ಡ ದೊಡ್ಡ ಊರುಗಳ ಗೋಡೆ ಏರಿದವು. ಹಾರ, ಶಾಲು, ಬಿರುದು, ಎಲ್ಲ ಆದವು. ಎಲ್ಲಿ ಹೋದರೂ ಚೀಲದಲ್ಲಿ ಕುಂಚಗಳ ಜೊತೆಗೆ ನನ್ನ ಹಳೇ ಸೀರೆಯ ತುಂಡು ಇರುತ್ತಿತ್ತು.

ಆದರೂ ಅವನ ಹಟ ತೀರಿರಲಿಲ್ಲ. ತಲೆ ನೆರೆತ ಮೇಲೆ ನಮ್ಮೂರ ವಾಚನಾಲಯದ ಪಡಸಾಲೆಯಲ್ಲಿ ಚಿತ್ರಗಳನ್ನು ತೂಗುಹಾಕಿಸಿದ. ಎಂಥೆಂಥವರ ಮುಂದೆಯೂ ಅಳುಕದವನು ಅಂದು ಬಾಗಿಲ ಮರೆಯಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ.

"ನಮ್ಮ ಮಂದಿ ನಗತಾರೇನಕ್ಕಾ?"

"ನಕ್ರ ನಗಲಿ. ನೀ ಮೊದಲು ಈಚೆ ಬಾ," ಅಂದೆ. ಬರಲಿಲ್ಲ.

ಬಂದವರು ಮೊದಲು ಚಹಾ ಕುಡಿದರು, ಫ್ಯಾನಿನ ಕೆಳಗೆ ಜಾಗ ಹಿಡಿದರು. ಯಮನೂರಪ್ಪನೂ ಕೋಲೂರಿಕೊಂಡು ಬಂದ. ಎಲ್ಲಕ್ಕಿಂತ ದೊಡ್ಡದಾದ ಎರೆಭೂಮಿಯ ಚಿತ್ರದ ಮುಂದೆ ನಿಂತ. ಈಗ ಅವನ ಚೇಷ್ಟೆಯ ಮಾತು ಬರುತ್ತದೆಂದು ನಾವಿಬ್ಬರೂ ಕಾದೆವು. ಬರಲಿಲ್ಲ. ಹಿಂದೆ ನಿಂತವರು ಅವಸರಿಸಿದರು: "ಮುಂದಕ್ಕ ಸರೀರಿ ಯಜಮಾನ್ರ, ಅದರಾಗೇನೈತಿ?"

"ತಡೀರೋ. ನೋಡಾಕತ್ತೀನಿ."

ಬಿಸಿಲಿನ ಎಳೆಯೂ ಬೀಳದ ಆ ತಂಪು ಪಡಸಾಲೆಯಲ್ಲಿ ಮುದುಕ ಮೆಲ್ಲಗೆ ಕೈಯೆತ್ತಿ ಹುಬ್ಬಿಗೆ ಅಡ್ಡ ಹಿಡಿದ. ಕಣ್ಣು ಕಿರಿದು ಮಾಡಿ, ಬಹಳ ದೂರ ನೋಡುತ್ತ ನಿಂತ.