ಕಾಫಿ ಕಟ್ಟೆಯ ಎತ್ತರ

ಚಿನ್ ಹೋಕ್ ಕಾಫಿಯ ಜಗ್ಗನ್ನು ತಲೆಗಿಂತ ಮೇಲಕ್ಕೆತ್ತಿ ಕೆಳಗಿನ ಜಗ್ಗಿಗೆ ಸುರಿದ. ಒಂದು ಹನಿಯೂ ಆಚೀಚೆ ಬೀಳಲಿಲ್ಲ. ಸರ್ಕಾರಿ ಕಚೇರಿಯಿಂದ ಬಂದಿದ್ದ ವಾಸಂತಿ ಬರೆಯುವುದನ್ನು ಬಿಟ್ಟು ನೋಡುತ್ತ ಕೂತಳು. ಗಲ್ಲಾದಲ್ಲಿದ್ದ ಅಂಗಡಿಯ ಒಡತಿ ಸೂ ಲಾನ್ ಮಾತ್ರ ಒಳಗೊಳಗೇ ಹಲ್ಲು ಕಡಿಯುತ್ತಿದ್ದಳು.

ಸಕ್ಕರೆ ಕಾಯಿಲೆಗೆ ಚಿನ್ ಹೋಕ್‌ನ ಎಡಗಾಲು ಮೊಣಕಾಲಿನ ಕೆಳಗೆ ಹೋಗಿ, ಅಲ್ಲಿಗೆ ಕೃತಕ ಕಾಲು ಬಂದಿತ್ತು. ತೈಪಿಂಗ್ ಪಟ್ಟಣದ ಆ ಹಳೆಯ ಕಾಫಿ ಅಂಗಡಿಯ ಒಲೆಕಟ್ಟೆಯೋ ಎದೆಯೆತ್ತರ. ಅದನ್ನು ಒಡೆದು ತಗ್ಗಿಸಿ, ಕೂತಲ್ಲೇ ಅತ್ತಿತ್ತ ಜರುಗುವ ಕುರ್ಚಿ ಹಾಕಿಸಲು ಸೂ ಲಾನ್ ಸರ್ಕಾರದ ನೆರವು ಕೇಳಿದ್ದಳು. ಅದು ಸಿಗದಿದ್ದರೆ ಅವನು ಕೆಲಸ ಬಿಡುವುದೊಂದೇ ದಾರಿ. "ಅವ್ರು ಬಂದಾಗ ಇದ್ದದ್ದು ಇದ್ದ ಹಾಗೆ ತೋರ್ಸು ಅಣ್ಣ" ಎಂದು ಹಿಂದಿನ ದಿನವೇ ಹೇಳಿದ್ದಳು.

ಆದರೆ ಬಂದ ಅತಿಥಿಯ ಮುಂದೆ ಯಾರಾದರೂ ಕುಂಟಿ ತೋರಿಸುತ್ತಾರೆಯೇ? ಚಿನ್ ಹೋಕ್ ನುಣ್ಣಗೆ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು, ಕೆಲಸದ ನಡುವೆ ಕುಸಿದು ಕೂರುವ ಕೆಂಪು ಸ್ಟೂಲನ್ನು ಮೆಟ್ಟಿಲ ಕೆಳಗೆ ಬಚ್ಚಿಟ್ಟು ಬಂದಿದ್ದ.

"ಇಷ್ಟು ಚೆನ್ನಾಗಿ ಮಾಡ್ತಿದ್ದೀರಲ್ಲ ಅಂಕಲ್. ಕಟ್ಟೆಯಿಂದ ಏನು ತೊಂದರೆ ಅಂತ ಬರೀಲಿ?" ಎಂದಳು ವಾಸಂತಿ.

"ತೊಂದರೆ ಏನೂ ಇಲ್ಲ ಮಿಸ್" ಎಂದುಬಿಟ್ಟ. ಬಾಯಿ ತಪ್ಪಿ ಬಂದ ಮಾತಲ್ಲ, ಊರಿಗೆಲ್ಲ ಹೇಳಿ ಹೇಳಿ ರೂಢಿಯಾದ ಮಾತು.

ಸೂ ಲಾನ್ ಎದ್ದಳು. ಮೆಟ್ಟಿಲ ಕೆಳಗಿನಿಂದ ಸ್ಟೂಲನ್ನು ಎಳೆತಂದು ಅಂಗಡಿಯ ನಟ್ಟನಡುವೆ ಕುಕ್ಕಿದಳು. "ಇದು ಯಾರದ್ದಣ್ಣ? ನಿನ್ನ ಜಂಬ ಮನೇಲಿಟ್ಟು ಬಾ ಅಂದಿರ್ಲಿಲ್ವಾ ನಾನು?"

ಚಿನ್ ಹೋಕ್‌ಗೆ ಎಲ್ಲರೆದುರು ಬಟ್ಟೆ ಬಿಚ್ಚಿದಂತಾಯಿತು. ಸಿಟ್ಟೂ ಬಂತು. ಆದರೆ ಕೃತಕ ಕಾಲು ಕಚ್ಚಿಕೊಂಡ ಜಾಗ ಬೆಂಕಿಯಂತೆ ಉರಿಯುತ್ತಿತ್ತು, ಸ್ಟೂಲು ಕಣ್ಣೆದುರಿಗೇ ಇತ್ತು. ಕಟ್ಟೆ ಹಿಡಿದು ಹಿಡಿದು ಬಂದು ಅದರ ಮೇಲೆ ಕೂತ.

"ಬೆಳಿಗ್ಗೆ ಹೇಗೋ ತಳ್ತೀನಿ ಮಿಸ್" ಎಂದ, ಸೂ ಲಾನ್ ಕಡೆ ನೋಡದೆ. "ಬಿಸಿಲೇರಿದ ಮೇಲೆ ಆಗಲ್ಲ. ಬಾಗಿಲಲ್ಲಿ ಯಾರಾದ್ರೂ ಕಾಣಿಸಿದ್ರೆ, ದೇವ್ರೇ, ಇವ್ರು ಮುಂದಿನ ಅಂಗಡಿಗೆ ಹೋಗ್ಲಿ ಅಂತ ಬೇಡ್ಕೋತೀನಿ. ಇವಳ ಅನ್ನ ತಿಂದು ಇವಳ ಗಿರಾಕಿ ಬರ್ಬಾರ್ದು ಅಂತೀನಿ."

ಸೂ ಲಾನ್ ಅವನ ಹೆಗಲ ಮೇಲೆ ಕೈಯಿಟ್ಟಳು. ಅವಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ವಾಸಂತಿ ಬರೆಯತೊಡಗಿದಳು. "ಇದನ್ನ ಮೊದ್ಲೇ ಹೇಳ್ಬಾರ್ದಾ ಅಂಕಲ್? ನಾನೇನು ವರ ನೋಡೋಕೆ ಬಂದಿದ್ನಾ, ಇಸ್ತ್ರಿ ಅಂಗಿ ಹಾಕ್ಕೊಂಡು ನಿಂತಿದ್ದೀರಿ?"

ಚಿನ್ ಹೋಕ್ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. ಎಷ್ಟೋ ತಿಂಗಳಿಂದ ಬಿಗಿಹಿಡಿದಿದ್ದ ಉಸಿರು ಈಗ ಹೊರಬಂದಂತಾಯಿತು.

ಹಣ ಮಂಜೂರಾಯಿತು. ಗಾರೆಯವರು ಬಂದು ಕಟ್ಟೆ ತಗ್ಗಿಸಿದರು, ಕುರ್ಚಿಯೂ ಬಂತು. ಅಂಗಡಿ ಮತ್ತೆ ತೆರೆದ ದಿನ ಗಿರಾಕಿಗಳು ಹಣಿಕಿ ಹಣಿಕಿ ನೋಡಿದರು. ಕೂತವನ ಕೈ ಮೊದಲಿನಷ್ಟೇ ಮೇಲಕ್ಕೆ ಹೋಗುತ್ತಿತ್ತು, ಕಾಫಿಯ ನೊರೆಯೂ ಹಾಗೇ ಇತ್ತು.

ಬಿಸಿಲೇರಿತು. ಬೆಳಗಿನ ಗದ್ದಲ ಕರಗಿ ಮೇಜುಗಳು ಖಾಲಿಯಾದವು. ಸೂ ಲಾನ್ ಕೆಂಪು ಸ್ಟೂಲಿನ ಮೇಲೆ ಕೂತು ಅವನು ಕೊಟ್ಟ ಕಾಫಿ ಕುಡಿಯುತ್ತಿದ್ದಳು. ಚಿನ್ ಹೋಕ್ ಕುರ್ಚಿಯನ್ನು ಕಟ್ಟೆಯ ತುದಿಯವರೆಗೆ ಜರುಗಿಸಿ, ಕತ್ತು ಚಾಚಿ ರಸ್ತೆಯ ಕಡೆ ನೋಡಿದ.

"ಏನು ಲಾನ್, ಇವತ್ತು ಒಬ್ರೂ ಬರ್ತಿಲ್ವಲ್ಲ?"