ಕ್ಯಾಪ್ಟನ್ ಸಾಹೇಬರ ಹೊಸ ಬೂಟು

“ಈ ಗಾಡಿ ಸೈನಿಕರ ವಂಶದವರಿಗೆ ಮಾತ್ರ ಕಣಮ್ಮ. ಸೈನಿಕರ ರಮ್ಮು ಕದ್ದು ಕುಡಿದವರ ವಂಶಕ್ಕೆ ಬೇರೆ ಗಾಡಿ ಇದೆ. ಮೆರವಣಿಗೆ ಹಿಂದೆ ಬರುತ್ತೆ, ಕುದುರೆ ಲದ್ದಿ ಎತ್ತೋಕೆ!”

ವೆಂಡೆಲ್ ಹಾರ್ಗ್ರೀವ್ ಇದನ್ನು ಹೇಳಿದ್ದು ನನ್ನ ಅಜ್ಜಿಗೆ. ಅದೂ ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ, ಶುಕ್ರವಾರದ ಮೀನೂಟಕ್ಕೆ ಬಂದಿದ್ದ ಇನ್ನೂರು ಜನರೆದುರು, ಮೈಕಿನಲ್ಲಿ. ಇನ್ನೂರು ಬಾಯಿಗಳೂ ಮೀನು ತುಂಬಿಕೊಂಡೇ ನಕ್ಕವು.

ನನ್ನಜ್ಜಿ ಬ್ರೈಡಿ ಟಾರ್ಪಿ ಕೇಳಿದ್ದಾದರೂ ಏನು? ಜುಲೈ ನಾಲ್ಕರ ಸ್ವಾತಂತ್ರ್ಯೋತ್ಸವದ ಮೆರವಣಿಗೆಯಲ್ಲಿ ಎಲ್ಲಕ್ಕಿಂತ ಮುಂದೆ ಹೋಗುವ ಹುಲ್ಲಿನ ಗಾಡಿಯಲ್ಲಿ ಒಂದು ಸಲ ಕೂರಬೇಕು ಅಂತ. ಅದರಲ್ಲಿ ಕೂರುವವರು ಬ್ರಿಟಿಷರನ್ನು ಓಡಿಸಿದ ಕ್ರಾಂತಿಯ ಸೈನಿಕರ ವಂಶಜರು. ವಂಶಜರ ಸಂಘಕ್ಕೆ ಹಾರ್ಗ್ರೀವ್ ಅಧ್ಯಕ್ಷ. ಎಂಬತ್ತು ವರ್ಷದಿಂದ ಅಜ್ಜಿ ಅಂಚೆ ಕಚೇರಿ ಎದುರು ಮಡಚುವ ಕುರ್ಚಿ ಹಾಕಿಕೊಂಡು ಆ ಗಾಡಿಗೆ ಕೈ ಬೀಸುತ್ತಿದ್ದಾಳೆ. ಗಾಡಿ ಒಂದು ಸಲವೂ ತಿರುಗಿ ಕೈ ಬೀಸಿಲ್ಲ.

“ನಮ್ಮ ಆವೆನ್ ಟಾರ್ಪಿ ಐರ್ಲೆಂಡಿನಿಂದ ಬಂದವನೇ ಯುದ್ಧಕ್ಕೆ ಹೋಗಿದ್ದ ಅಂತ ನಮ್ಮಪ್ಪ ಹೇಳ್ತಿದ್ದ ಕಣೋ ಡೆಸ್,” ಅಂದಳು ಅಜ್ಜಿ, ಮನೆಗೆ ಮರಳುವ ದಾರಿಯುದ್ದಕ್ಕೂ ಮೂಗು ಒರೆಸಿಕೊಂಡು. “ಹೋಗ್ಲಿ ಬಿಡು.”

ನಾನು ಬಿಡುವ ಜಾತಿಯವನಲ್ಲ. ಹತ್ತನೇ ಕ್ಲಾಸಿನಲ್ಲೇ ಶಾಲೆ ಬಿಟ್ಟು ಛಾವಣಿ ರಿಪೇರಿಗೆ ಹತ್ತಿದವನು. ಸಿಟ್ಟು ಬಂದರೆ ಮೊದಲು ನನ್ನ ಕಿವಿ ಕೆಂಪಾಗುತ್ತದೆ, ಆಮೇಲೆ ಏನಾದರೊಂದು ಮುರಿಯುತ್ತದೆ. ಆದರೆ ಸಂಘದ ನಿಯಮ ಕೇಳುವುದು ಮುರಿದ ಮೂಗನ್ನಲ್ಲ, ಕಾಗದವನ್ನು. ಕೋರ್ಟಿನಲ್ಲಿ ಪ್ರಮಾಣ ಮಾಡಿ ಬರೆಸಿದ ಕಾಗದ.

ಹಾಗಾಗಿ ಸೋಮವಾರ ಕೌಂಟಿ ಕೋರ್ಟಿನ ನೆಲಮಾಳಿಗೆಗೆ ಇಳಿದೆ. ಅಲ್ಲಿ ದಾಖಲೆ ನೋಡಿಕೊಳ್ಳುವ ಮಿಸ್ ಕ್ರೆಬ್ಸ್ ನನ್ನನ್ನು ಕಂಡು ಬೆಚ್ಚಿಬಿದ್ದಳು.

“ಶೌಚಾಲಯ ಮೇಲಿದೆ.”

“ನಮ್ಮ ಪೂರ್ವಜನ್ನ ಹುಡುಕೋಕೆ ಬಂದೆ.”

“ಅಯ್ಯೋ, ಹನ್ನೊಂದು ವರ್ಷದಿಂದ ಯಾರೂ ಇಲ್ಲಿಗೆ ಇಳಿದಿಲ್ಲಪ್ಪ! ಕೂತ್ಕೋ, ಬಿಸ್ಕತ್ತು ತಿನ್ನು.”

ಬಿಸ್ಕತ್ತಿಗೂ ಹನ್ನೊಂದು ವರ್ಷವಾಗಿದ್ದಿರಬೇಕು.

ಮೂರನೇ ದಿನ ಸೈನಿಕರ ಹಾಜರಿ ಪಟ್ಟಿಯಲ್ಲಿ ಆವೆನ್ ಟಾರ್ಪಿ ಸಿಕ್ಕ. ಖುಷಿಯಿಂದ ಕೂಗಿದೆ. ಹೆಸರಿನ ಮುಂದೆ ಏನೋ ಬರೆದಿತ್ತು. ಮಿಸ್ ಕ್ರೆಬ್ಸ್ ಕನ್ನಡಕ ಏರಿಸಿ ಓದಿದಳು: “ಯುದ್ಧದ ದಿನವೇ ಓಡಿಹೋದ.”

ಕಬ್ಬಿಣದ ಕಪಾಟಿಗೆ ಒದ್ದೆ. ಕಪಾಟಿಗೆ ಏನೂ ಆಗಲಿಲ್ಲ. ನನ್ನ ಕಾಲಿನ ಹೆಬ್ಬೆರಳು ಮುರಿಯಿತು. ನೆಲದ ಮೇಲೆ ಕೂತು ಇನ್ನೂರ ನಲವತ್ತು ವರ್ಷ ಹಿಂದಿನ ಆ ಮುದುಕನಿಗೆ ಬಾಯಿಗೆ ಬಂದಂತೆ ಬೈದೆ. ಓಡುವುದೇ ಆಗಿದ್ದರೆ ಒಂದು ದಿನ ತಡೆದು ಓಡಬಾರದಿತ್ತೇ?

“ಕಿರುಚಬೇಡ,” ಅಂದಳು ಮಿಸ್ ಕ್ರೆಬ್ಸ್. “ಮುದಿ ಸೈನಿಕರೆಲ್ಲ ಕೊನೆಗಾಲಕ್ಕೆ ಪಿಂಚಣಿ ಕೇಳ್ಕೊಂಡು ಇದೇ ಕೋರ್ಟಿಗೆ ಬರ್ತಿದ್ರು. ಬೈಬಲ್ ಮುಟ್ಟಿ ತಮ್ಮ ಕತೆ ಹೇಳ್ಬೇಕಿತ್ತು. ನಿಮ್ಮವನೂ ಬಂದಿರ್ತಾನೆ, ಇರು.”

ಬಂದಿದ್ದ. ‘ನನ್ನ ಆಸ್ತಿ ಒಂದು ಕುರುಡು ಹಸು, ಹಿಡಿಯಿಲ್ಲದ ಒಂದು ಕೆಟಲು. ನಾನು ಓಡಿಹೋಗಲಿಲ್ಲ, ಓಡಿಸಲ್ಪಟ್ಟೆ. ಬೇಕಾದರೆ ನಮ್ಮ ಕ್ಯಾಪ್ಟನ್ನರನ್ನೇ ಕರೆಸಿ ಕೇಳಿ’ ಎಂದು ಬರೆಸಿದ್ದ. ಕೋರ್ಟು ಕರೆಸಿತ್ತು. ಕ್ಯಾಪ್ಟನ್ ಜೋಸಾಯ ಹಾರ್ಗ್ರೀವ್, ವಯಸ್ಸು ಎಪ್ಪತ್ತೊಂದು, ಬೈಬಲ್ ಮುಟ್ಟಿ ಹೇಳಿದ್ದು ಮುಂದಿನ ಹಾಳೆಯಲ್ಲಿತ್ತು:

‘ಆ ದಿನ ನಾನು ಹೊಸ ಬೂಟು ಹಾಕಿದ್ದೆ. ಹಳ್ಳದ ನೀರು ಬಹಳ ತಣ್ಣಗಿತ್ತು. ನನ್ನನ್ನು ಬೆನ್ನ ಮೇಲೆ ಹೊತ್ತು ದಾಟಿಸಲು ಟಾರ್ಪಿಗೆ ಆಜ್ಞಾಪಿಸಿದೆ. ಅಷ್ಟರಲ್ಲಿ ಗುಂಡಿನ ಸದ್ದು ಕೇಳಿಸಿತು. ಹಿಂದಕ್ಕೆ ತಿರುಗು, ನಿಲ್ಲಬೇಡ ಎಂದು ಆಜ್ಞಾಪಿಸಿದೆ. ಅವನು ನಾಲ್ಕು ಮೈಲಿ ನಿಲ್ಲಲಿಲ್ಲ. ಆಜ್ಞಾಪಾಲನೆಯಲ್ಲಿ ಅವನಂಥ ಸೈನಿಕನನ್ನು ನಾನು ಕಂಡಿಲ್ಲ.’

ಮಿಸ್ ಕ್ರೆಬ್ಸ್ ನಕ್ಕೂ ನಕ್ಕೂ ಕುರ್ಚಿಯಿಂದ ಜಾರಿದಳು. ಅಗ್ನಿಶಾಮಕ ಠಾಣೆಯ ಸಭಾಂಗಣದ ಗೋಡೆಯಲ್ಲಿ ಈ ಕ್ಯಾಪ್ಟನ್ನನ ಆಳೆತ್ತರದ ಚಿತ್ರವಿದೆ. ಕೈಯಲ್ಲಿ ಕತ್ತಿ, ಕೆಳಗೆ ಬಿಳಿ ಕುದುರೆ. ಕುದುರೆ ಇದ್ದ ಜಾಗದಲ್ಲಿ ನಮ್ಮ ಆವೆನ್ ಇರಬೇಕಿತ್ತು.

ಒಂದು ಪ್ರತಿ ಮಾಡಿಸಿಕೊಂಡೆ. ಒಂದೇ ಒಂದು. ಯಂತ್ರದ ಶಾಯಿ ಅಷ್ಟಕ್ಕೇ ಮುಗಿಯಿತು.

ಮುಂದಿನ ಶುಕ್ರವಾರ ಕುಂಟುತ್ತಾ ಹೋಗಿ ಹಾರ್ಗ್ರೀವ್ ಕೈಯಿಂದ ಮೈಕು ಕಿತ್ತುಕೊಂಡೆ. ಕಿವಿ ಕೆಂಡವಾಗಿತ್ತು. ಪ್ರತಿ ಅಕ್ಷರವನ್ನೂ ಓದುವವನಿದ್ದೆ. ಅಜ್ಜಿ ನನ್ನ ತೋಳು ಹಿಡಿದಳು.

“ಅವನ ಮಾನ ತಗೊಂಡು ನಾನೇನ್ ಮಾಡ್ಲೋ? ನಂಗೆ ಗಾಡಿ ಬೇಕು, ಅಷ್ಟೆ. ಅವನ ಕೈಗೇ ಕೊಡು, ಅವನೇ ಓದ್ಲಿ.”

ಹಲ್ಲು ಕಚ್ಚಿಕೊಂಡು ಕೊಟ್ಟೆ.

“ಓಹೋ, ಛಾವಣಿ ಬಿಲ್ಲೋ, ರಮ್ಮಿನ ಬಿಲ್ಲೋ?” ಅಂತ ಜನರತ್ತ ಕಣ್ಣು ಮಿಟುಕಿಸಿ ಹಾರ್ಗ್ರೀವ್ ಕಾಗದ ಬಿಡಿಸಿದ. ಮನಸ್ಸಿನಲ್ಲೇ ಓದಿದ. ಮುಖ ಅವನ ತಟ್ಟೆಯ ಎಲೆಕೋಸಿನ ಬಣ್ಣಕ್ಕೆ ತಿರುಗಿತು. ಗೋಡೆಯ ಚಿತ್ರ ನೋಡಿದ, ಕಾಗದ ನೋಡಿದ, ನನ್ನ ಕಿವಿ ನೋಡಿದ. ಕೊನೆಗೆ ಗಂಟಲು ಸರಿಮಾಡಿಕೊಂಡು ಕಟ್ಟಕಡೆಯ ಸಾಲನ್ನಷ್ಟೇ ಮೈಕಿನಲ್ಲಿ ಓದಿದ: “ಆಜ್ಞಾಪಾಲನೆಯಲ್ಲಿ ಅವನಂಥ ಸೈನಿಕನನ್ನು ನಾನು ಕಂಡಿಲ್ಲ.”

ಇನ್ನೂರು ಜನ ಚಪ್ಪಾಳೆ ತಟ್ಟಿದರು. ಅಜ್ಜಿಯೂ ತಟ್ಟಿದಳು. ಆಮೇಲೆ ಕಾಗದ ಮರಳಿ ಇಸಕೊಂಡು, ಉಳಿದ ಎರಡು ತುಂಡು ಮೀನನ್ನು ಅದರಲ್ಲೇ ಕಟ್ಟಿಕೊಂಡಳು. ಮಾರನೇ ದಿನ ಕ್ಯಾಪ್ಟನ್ನನ ಸಾಕ್ಷ್ಯವನ್ನು ನಮ್ಮ ಬೆಕ್ಕು ಕಡೆಯ ಅಕ್ಷರದವರೆಗೂ ನೆಕ್ಕಿ, ಹರಿದು, ನುಂಗಿತು.

ಜುಲೈ ನಾಲ್ಕರಂದು ಗಾಡಿ ಬಂತು. ಮೆಟ್ಟಿಲು ಎತ್ತರ. ಬೆನ್ನು ಬಗ್ಗಿಸಿದೆ, ಅಜ್ಜಿಯನ್ನು ಹೊತ್ತು ಹತ್ತಿಸಿದೆ.

“ಇದು ನಮ್ಮ ಮನೆತನದ ಕಸುಬು ಕಣೋ!” ಅಂದಳು ಕಿವಿಯಲ್ಲಿ. ಹುಲ್ಲಿನ ಮೇಲೆ ಕೂತವಳೇ, ಅಂಚೆ ಕಚೇರಿ ಇನ್ನೂ ಅರ್ಧ ಮೈಲಿ ಇರುವಾಗಲೇ ಕೈ ಬೀಸತೊಡಗಿದಳು.

ನಾನು ಕೆಳಗಿಳಿದಾಗ ಹಾರ್ಗ್ರೀವ್ ಪಕ್ಕಕ್ಕೆ ಬಂದ. ಬೆವರಿದ್ದ.

“ಟಾರ್ಪಿಯವರೇ, ಒಂದ್ನಿಮಿಷ. ಆ ಕಾಗದ… ಒಟ್ಟು ಎಷ್ಟು ಪ್ರತಿ ಮಾಡಿಸಿದೀರಿ?”

ಅವನ ಬೂಟು ನೋಡಿದೆ. ಹೊಸದು. ಟೋಪಿ ಸರಿಮಾಡಿಕೊಂಡು, ಅಜ್ಜಿ ಕೈ ಬೀಸುತ್ತಿದ್ದ ಕಡೆಗೆ ಕುಂಟುತ್ತಾ ನಡೆದುಬಿಟ್ಟೆ.